ಧ್ವನಿ ಉಂಡ ಸೊಪ್ಪು

ನೀರು ತಣ್ಣಗಿದೆ, ಬೆರಳ ತುದಿ ಜೋಮು ಹಿಡಿಯುವಷ್ಟು, ಎಲೆಯ ಬೆನ್ನಿನ ನರದ ಮೇಲೆ ಒಂದು ಹನಿ ಜಾರದೆ ನಿಂತಿದೆ, ಕೊಡವಿದರೂ ಬೀಳಲಿಲ್ಲ, ಬಿಡು, ಇರಲಿ ಎಂದು ಅವಳು ಆ ಎಲೆಯನ್ನು ತೂತಿನ ಬುಟ್ಟಿಗೆ ಹಾಕಿ ಇನ್ನೊಂದಕ್ಕೆ ಕೈ ಹಾಕಿದಳು — ಮಣ್ಣನ್ನೇ ಕಾಣದ ಸೊಪ್ಪನ್ನು ಇಷ್ಟು ಸಲ ತೊಳೆಯುವುದೇಕೆ, ಹುಳವಿಲ್ಲ, ಧೂಳಿಲ್ಲ, ನೀರಿನಲ್ಲೇ ಬೇರು ಬಿಟ್ಟು ನೀರಿನಲ್ಲೇ ದೊಡ್ಡದಾದದ್ದು, ಸಾಕು ಬಿಡ್ರೀ, ಇನ್ನೂ ತೊಳೆದ್ರೆ ಹಸಿರೇ ಬಿಟ್ಕೊಳ್ಳುತ್ತೆ ಎಂದು ಅಡುಗೆಯವರು ಆಗಲೇ ಒಂದು ಸಲ ಹೇಳಿ ಹೋದರು, ಅವರಿಗೇನು ಗೊತ್ತು, ತೊಳೆಯುವುದು ಮುಗಿದರೆ ಬಡಿಸಬೇಕು, ಬಡಿಸಿದರೆ ತಿನ್ನುತ್ತಾರೆ, ತಿನ್ನದೆ ಇನ್ನೇನು ಪೂಜೆ ಮಾಡುತ್ತಾರೆಯೇ. ಇವತ್ತು ಕೊನೆಯ ದಿನ, ಇಲ್ಲಿನ ಕಟ್ಟಳೆಯೇ ಅದು, ಈ ಕಟ್ಟಡದೊಳಗೆ ಬೆಳೆದದ್ದೆಲ್ಲ ಕೊನೆಯ ದಿನದ ಊಟದ ಮೇಜಿನ ಮೇಲೆ ಮುಗಿಯಬೇಕು, ಒಂದು ಎಲೆಯೂ ಹೊರಗೆ ಹೋಗಬಾರದು, ಒಂದು ಎಲೆಯೂ ಕಸವಾಗಬಾರದು, ಬೆಳೆದದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡೋದು ಮ್ಯೂಸಿಯಮ್ಮು, ತಿಂದು ಮುಗಿಸೋದು ಕಲೆ ಎಂದು ನಿರ್ದೇಶಕಿ ಮೊದಲ ದಿನವೇ ಹೇಳಿದ್ದರು, ಆಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಇವಳೇ, ಈಗ ಅದೇ ಎರಡು ಕೈ ನೀರಿನಲ್ಲಿ ಮರಗಟ್ಟುತ್ತಿವೆ. ಅತ್ತೆ ಬರುವ ಹೊತ್ತಾಯಿತು.

ಹಳೆಯ ಬಿಸ್ಕತ್ತಿನ ಕಾರ್ಖಾನೆ ಇದು, ಗೋಡೆಗೆ ಮೂಗಿಟ್ಟರೆ ಈಗಲೂ ಸುಟ್ಟ ಸಕ್ಕರೆಯ ವಾಸನೆ, ಒಲೆಗಳಿದ್ದ ಜಾಗದಲ್ಲಿ ಒಂದರ ಮೇಲೊಂದು ತಟ್ಟೆಗಳ ಕಪಾಟು, ತಟ್ಟೆಯಲ್ಲಿ ಹರಿಯುವ ನೀರು, ನೀರಿನ ಮೇಲೆ ಲೆಟ್ಯೂಸು ಸೊಪ್ಪು, ಅದರ ಮೇಲೆ ದೀಪ, ಕಲಾವಿದರು ಬಂದು ಕೆಲವು ತಿಂಗಳು ಇಲ್ಲೇ ಉಳಿದು ಯಂತ್ರ ತಿಳಿದವರ ಜೊತೆ, ಗಿಡ ತಿಳಿದವರ ಜೊತೆ ಕೂತು ಭೂಮಿಗೆ ಭಾರವಾಗದ ಹಾಗೆ ಊಟ ಬೆಳೆಯುವುದು ಹೇಗೆಂದು ತಲೆ ಕೆಡಿಸಿಕೊಳ್ಳಬೇಕು, ಅದಕ್ಕೆ ರೆಸಿಡೆನ್ಸಿ ಎಂದು ಹೆಸರು — ಅರ್ಜಿ ಹಾಕುವಾಗ ಗಂಡ ಬದುಕಿದ್ದ, ಭುಜದ ಮೇಲಿಂದ ಇಣುಕಿ ಓದಿ ನಕ್ಕಿದ್ದ, ಸೊಪ್ಪು ಬೆಳೆಯೋಕೂ ಕಲಾವಿದರು ಬೇಕಾಯ್ತಾ ಪೇಂಟರಮ್ಮ, ಅದಕ್ಕೇ ನೋಡು ಸೊಪ್ಪಿನ ರೇಟು ಮುಗಿಲು ಮುಟ್ಟಿರೋದು, ಸುಮ್ನಿರೋ, ನೀನು ಫ್ರಿಜ್ಜು ರಿಪೇರಿ ಮಾಡೋನು, ನಿಂಗೇನು ಗೊತ್ತು, ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತೇ, ಜನ ಏನೇನು ತರ್ತಾರೆ ಏನೇನು ಕೊಳೆಸಿ ಎಸೀತಾರೆ ಅಂತ ಫ್ರಿಜ್ಜಿನ ಹೊಟ್ಟೆ ನೋಡೋನಿಗೆ ಗೊತ್ತಿರುತ್ತೆ, ನಾನೂ ಒಂದು ಅರ್ಜಿ ಹಾಕ್ತೀನಿ ಕೊಡು. ಹಾಗೆ ಎಂದವನು ಒಂದು ಮಧ್ಯಾಹ್ನ ಯಾವುದೋ ಅಂಗಡಿಯ ಫ್ರಿಜ್ಜಿನ ಹಿಂದೆ ಸ್ಕ್ರೂಡ್ರೈವರ್ ಹಿಡಿದು ಕೂತವನು ಏಳಲೇ ಇಲ್ಲ, ಎದೆ ಎಂದರು ಡಾಕ್ಟರು, ಒಂದೇ ಮಾತು, ಎದೆ, ಅಷ್ಟೇ. ಅವನ ಫೋನು ಅವನ ಜೊತೆಯೇ ನೆಲಕ್ಕೆ ಬಿದ್ದು ಒಡೆದಿತ್ತು, ಅವಳ ಫೋನಿನಲ್ಲಿ ಮಾತ್ರ ಅವನ ಧ್ವನಿ ಸಾಲುಸಾಲಾಗಿ ಉಳಿದಿತ್ತು, ದಿನಾ ಮಧ್ಯಾಹ್ನ ಎಲ್ಲಿದ್ದರೂ ಒಂದು ಕಳಿಸುತ್ತಿದ್ದನಲ್ಲ, ಬರೆಯಲು ಸೋಮಾರಿ, ಕೈಯೆಲ್ಲ ಎಣ್ಣೆ ಕಣೇ, ಹೇಳಿಬಿಡ್ತೀನಿ ಕೇಳಿಸ್ಕೋ — ಊಟ ಆಯ್ತಾ? ಏನ್ ತಿಂದೆ? ಬ್ರೆಡ್ಡಾ? ಬ್ರೆಡ್ಡು ಊಟ ಅಲ್ಲ, ಅದು ಊಟದ ಕವರು. ಹಿಂದೆ ಯಾವುದೋ ಮೋಟರು ಗುರ್ ಎನ್ನುತ್ತಿರುತ್ತದೆ, ಯಾರೋ ಯಾರಿಗೋ ಬೈಯುತ್ತಿರುತ್ತಾರೆ, ಇವನು ಮಾತ್ರ ತನ್ನ ಪಾಡಿಗೆ, ಊಟ ಆಯ್ತಾ, ದಿನಾ ಅದೇ, ಬೇರೆ ಮಾತೇ ಬರಲ್ವಾ ನಿಂಗೆ ಎಂದು ಅವಳು ರೇಗಿದರೆ ಬರುತ್ತೆ, ಆದ್ರೆ ಮೊದ್ಲು ಊಟ.

ಗಿಡ ತಿಳಿದವರೊಬ್ಬರು ಮೊದಲ ವಾರ ಹೇಳಿದ್ದರು, ದೀಪವನ್ನು ಎಲ್ಲ ಹೊತ್ತೂ ಒಂದೇ ಸಮ ಉರಿಸಬೇಕಾಗಿಲ್ಲ, ಹೆಚ್ಚುಕಡಿಮೆ ಆಗುತ್ತಿದ್ದರೂ ಗಿಡ ಹೇಗೋ ಹೊಂದಿಕೊಳ್ಳುತ್ತದೆ, ವಿದ್ಯುತ್ತೂ ಉಳಿಯುತ್ತದೆ ಎಂದು, ಆಗ ಅವಳ ಬಾಯಿಂದ ಥಟ್ಟನೆ ಬಂತು, ಮನುಷ್ಯನ ಮಾತಿಗೆ ತಕ್ಕ ಹಾಗೆ ಹೆಚ್ಚುಕಡಿಮೆ ಮಾಡಿದರೆ? ನಿರ್ದೇಶಕಿ ಕನ್ನಡಕ ತೆಗೆದರು, ಯಾರ ಮಾತು? ಅವಳು ಫೋನು ಮೇಜಿನ ಮೇಲಿಟ್ಟು ಒತ್ತಿದಳು, ಊಟ ಆಯ್ತಾ? ಯಾರೋ ಮೂಗು ಒರೆಸಿಕೊಂಡರು, ಅವಳಿಗೆ ಆಗ ಹೆಮ್ಮೆಯಾಗಿತ್ತು, ಹೌದು, ಹೆಮ್ಮೆ, ದುಃಖಕ್ಕೆ ಒಂದು ಉದ್ಯೋಗ ಸಿಕ್ಕಿತಲ್ಲ ಎಂಬ ಹೆಮ್ಮೆ. ಪ್ರೋಗ್ರಾಮರು, ಮಾತು ಕಡಿಮೆ, ಸದಾ ಶುಂಠಿ ಪೆಪ್ಪರಮಿಂಟು ಚೀಪುವ ಹೆಂಗಸು, ಒಂದು ವಾರ ಕೂತು ಅವನ ಧ್ವನಿಯ ಏರಿಳಿತವನ್ನೆಲ್ಲ ದೀಪದ ಏರಿಳಿತ ಮಾಡಿ ಕೊಟ್ಟರು, ಊಟ ಎಂದಾಗ ಒಂದು ಸಣ್ಣ ಉಬ್ಬು, ನಡುವೆ ಮಬ್ಬು, ಆಯ್ತಾ ಎಂದಾಗ ಬೆಳಕು ನಿಧಾನಕ್ಕೆ ತುಂಬಿ ತುಂಬಿ ಆರುವುದು, ನೋಡುವವರಿಗೆ ಸುಮ್ಮನೆ ಮಿನುಗುವ ಬೆಳಕು, ಅವಳಿಗೆ ಮಾತ್ರ ಓದಲು ಬರುತ್ತಿತ್ತು, ತಿಂಗಳುಗಟ್ಟಲೆ ಕಪಾಟಿನ ಎದುರು ಮುಕ್ಕಾಲಿ ಹಾಕಿಕೊಂಡು ಕೂತಳು, ಇದು ಬ್ರೆಡ್ಡಿನ ಬೈಗುಳ, ಇದು ಅವನು ನಕ್ಕದ್ದು, ಇದು ಕೆಮ್ಮಿದ್ದು, ಇದು ಮತ್ತೆ ಊಟ ಆಯ್ತಾ, ಆಯ್ತು ಕಣೋ ಎಂದು ಗಟ್ಟಿಯಾಗಿ ಹೇಳಿಯೂ ಇದ್ದಳು, ಕಸ ಗುಡಿಸುವವಳು ಗಾಬರಿಯಾಗಿ ಬಾಗಿಲಲ್ಲೇ ನಿಂತಿದ್ದಳು. ಆ ಬೆಳಕು ಕುಡಿದು ಸೊಪ್ಪು ಬೆಳೆಯಿತು, ಕಣ್ಣೆದುರೇ ಬೆಳೆಯಿತು, ಎಲೆ ಅಗಲವಾಯಿತು, ಅವನಿಗೆ ಮಕ್ಕಳೆಂದರೆ ಆಸೆ ಇತ್ತು, ಆಮೇಲೆ ನೋಡೋಣ ಎನ್ನುತ್ತಿದ್ದವಳು ಅವಳು — ಬೇಡ, ಅದು ಈಗ ಬೇಡ, ನೀರು ಬದಲಿಸಬೇಕು.

ನೀರು ಬದಲಿಸಿದಳು, ಮತ್ತೆ ಅದೇ ತಣ್ಣಗಿನದು, ಮತ್ತೆ ಅದೇ ಶುಕ್ರವಾರ, ಎಷ್ಟು ಸಲ ಕೊಡವಿದರೂ ಬೀಳದ ಶುಕ್ರವಾರ. ಇಲ್ಲಿ ಶುಕ್ರವಾರವೆಂದರೆ ಹಗುರಾಗುವ ದಿನ, ಕಸ ಅಂದ್ರೆ ಬರೀ ಸಿಪ್ಪೆ ಅಲ್ಲ, ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದೂ ಕಸವೇ, ಅದನ್ನು ಕಾಯೋಕೂ ಹಗಲೂ ರಾತ್ರಿ ಕರೆಂಟು ಉರಿಯುತ್ತೆ ಎನ್ನುತ್ತಿದ್ದರು ನಿರ್ದೇಶಕಿ, ಹಾಗಾಗಿ ಪ್ರತಿ ಶುಕ್ರವಾರ ಎಲ್ಲರೂ ದೊಡ್ಡ ಪರದೆಯ ಮುಂದೆ ನಿಂತು ತಮಗೆ ಬೇಡವಾದದ್ದನ್ನು ಅಳಿಸಬೇಕು, ಅಳಿಸಿದಷ್ಟೂ ಪರದೆಯ ಮೇಲಿನ ಹಸಿರು ಪಟ್ಟಿ ಕುಗ್ಗುತ್ತದೆ, ಕುಗ್ಗಿದಷ್ಟೂ ಚಪ್ಪಾಳೆ, ಗೊಬ್ಬರ ಆದ ಮೇಲೆ ಸಿಪ್ಪೆ ಯಾಕೆ ಇಟ್ಕೊಳ್ತೀರಿ, ಇದು ಅವರ ಮಾತು. ಅವಳ ಸರದಿ ಬಂದಾಗ ಹಿಂದೆಮುಂದೆ ನೋಡಲಿಲ್ಲ, ಅವನ ಧ್ವನಿಯೆಲ್ಲ ಬೆಳಕಾಗಿದೆಯಲ್ಲ, ಇನ್ನು ಇಲ್ಲಿ ಯಾಕೆ, ನನ್ನ ಫೋನಿನಲ್ಲಿ ಇದ್ದೇ ಇದೆ ಎಂದು ಫೋನನ್ನು ಎತ್ತಿ ಎಲ್ಲರಿಗೂ ತೋರಿಸಿ, ತೋರಿಸಿ, ಒತ್ತಿದಳು, ಹಸಿರು ಪಟ್ಟಿ ಸರ್ರನೆ ಇಳಿಯಿತು, ಆ ದಿನ ಅವಳಿಗೇ ಹೆಚ್ಚು ಚಪ್ಪಾಳೆ. ಫೋನಿನಲ್ಲಿ ಇತ್ತೇ? ಹಳೆಯ ಫೋನನ್ನು ಅವಳು ಬಂದ ಹೊಸತರಲ್ಲೇ ಶಿಲ್ಪಿಗೆ ಕೊಟ್ಟಿದ್ದಳು, ಮಾಳಿಗೆಯ ಆಲೂಗಡ್ಡೆ ಪಾತಿಗಳಲ್ಲಿ ಹಳೆಯ ಫೋನುಗಳನ್ನು ನೆಟ್ಟು ಮಣ್ಣಿನ ತೇವ ಅಳೆಯುವ ಶಿಲ್ಪಿ ಅವನು, ಎಲ್ಲರ ಹಳೆಯ ಫೋನೂ ಬೇಡಿ ಪಡೆದ, ಪಡೆದದ್ದನ್ನು ಪೂರ್ತಿ ತೊಳೆದು ಖಾಲಿ ಮಾಡಿಯೇ ನೆಟ್ಟ, ಪಾಪ, ಅವನ ತಪ್ಪೇನು, ಧ್ವನಿಯೆಲ್ಲ ಇಲ್ಲಿನ ಕಂಪ್ಯೂಟರಿನಲ್ಲಿ ಭದ್ರವಾಗಿದೆ, ತಗೊಳ್ಳಪ್ಪ ಎಂದು ಕೊಟ್ಟವಳು ಅವಳೇ. ಹೊಸ ಫೋನಿಗೆ ಹಳೆಯ ಮಾತುಕತೆಯೆಲ್ಲ ಬಂದಿತ್ತು, ಅವನ ಹೆಸರು, ಹೆಸರಿನ ಕೆಳಗೆ ಸಾಲುಸಾಲು ಪಟ್ಟಿ, ಪ್ರತಿಯೊಂದರ ಪಕ್ಕ ಒತ್ತಿ ಕೇಳುವ ತ್ರಿಕೋನ, ನೋಡಿದರೆ ಎಲ್ಲವೂ ಇದ್ದಂತೆಯೇ ಇತ್ತು, ಆದರೆ ಅವಳು ಒತ್ತಿ ನೋಡಿರಲಿಲ್ಲ, ಕೇಳಿದರೆ ಅಳು ಬರುತ್ತದೆಂದು ಒತ್ತಿರಲಿಲ್ಲ, ಬೆಳಕಿನಲ್ಲೇ ಓದಿಕೊಂಡು ಇದ್ದುಬಿಟ್ಟಿದ್ದಳು. ಅತ್ತೆ ಫೋನು ಮಾಡಿ ಬರ್ತೀನಿ ಎಂದ ದಿನ ಮೊದಲ ಸಲ ಒತ್ತಿದಳು, ತ್ರಿಕೋನ ಒಂದು ಸುತ್ತು ತಿರುಗಿ ನಿಂತಿತು, ಈ ಧ್ವನಿ ಲಭ್ಯವಿಲ್ಲ, ಇನ್ನೊಂದು ಒತ್ತಿದಳು, ಲಭ್ಯವಿಲ್ಲ, ಬೆರಳು ಓಡಿತು, ಬ್ರೆಡ್ಡಿನದು, ಕೆಮ್ಮಿನದು, ಕೊನೆಯ ದಿನದ್ದು, ಲಭ್ಯವಿಲ್ಲ ಲಭ್ಯವಿಲ್ಲ ಲಭ್ಯವಿಲ್ಲ, ಹೊಸ ಫೋನಿಗೆ ಬಂದದ್ದು ಬರೀ ಪಟ್ಟಿ, ಧ್ವನಿ ಹಳೆಯದರಲ್ಲೇ ಅಳಿಸಿಹೋಗಿತ್ತು, ಅಯ್ಯೋ ನನ್ನ ಕೈಗೆ ಬೆಂಕಿ ಹಾಕ. ಅತ್ತೆಯೇ ಹೇಳುತ್ತಿದ್ದರಲ್ಲ, ಎರಡು ಮನೆಗೆ ನೆಂಟನಾದೋನು ಉಪವಾಸ ಮಲಗ್ತಾನೆ, ಅಲ್ಲಿ ಉಂಡಿರ್ತಾನೆ ಅಂತ ಇವರು, ಇಲ್ಲಿ ಉಂಡಿರ್ತಾನೆ ಅಂತ ಅವರು.

ಪ್ರೋಗ್ರಾಮರಿಗೆ ಮಾತ್ರ ಹೇಳಿದಳು, ಅವರು ಪೆಪ್ಪರಮಿಂಟು ಉಗುಳಿ ಬಂದು ಕೂತರು, ಬೆಳಕನ್ನು ತಿರುಗಿಸಿ ಮಾತು ಮಾಡಕ್ಕಾಗುತ್ತಾ ನೋಡಿ, ಹೇಗಾದರೂ ನೋಡಿ, ನೋಡ್ತೀನಿ ಆದ್ರೆ ಆಸೆ ಇಟ್ಕೋಬೇಡಿ, ನಾವು ತಗೊಂಡಿದ್ದು ಬರೀ ಏರಿಳಿತ, ಧ್ವನಿ ಅಲ್ಲ. ಸಂಜೆ ತನಕ ಕೂತು ಸ್ಪೀಕರಿನಲ್ಲಿ ಹಾಕಿ ಕೇಳಿಸಿದರು, ಸ್ಸ್, ಸ್ಸ್ಸ್ಸ್, ಯಾರೋ ನೆಲ ಗುಡಿಸಿದ ಹಾಗೆ, ಊಟ ಎನ್ನುವಲ್ಲಿ ಒಂದು ಗುಡಿಸಿದ ಸದ್ದು, ಆಯ್ತಾ ಎನ್ನುವಲ್ಲಿ ಒಂದು ಉದ್ದ ಸದ್ದು, ಅಷ್ಟೇ, ಅವನಿಲ್ಲ. ಇದ್ದವರಲ್ಲೆಲ್ಲ ಕೇಳಿದಳು, ಅವನ ಗೆಳೆಯರು, ಅವನ ಮಾಲೀಕ, ಯಾರ ಹತ್ತಿರವೂ ಇಲ್ಲ, ವಿಡಿಯೋಗಳಿವೆ, ಅದರಲ್ಲಿ ಅವನಿದ್ದಾನೆ, ಆದರೆ ಕ್ಯಾಮೆರಾ ಕಂಡರೆ ಪೊಲೀಸರನ್ನು ಕಂಡ ಕಳ್ಳನ ಹಾಗೆ ಬಾಯಿ ಹೊಲಿದುಕೊಂಡು ನಿಲ್ಲುವವನು, ಕೈ ಬೀಸುತ್ತಾನೆ, ನಗುತ್ತಾನೆ, ತುಟಿ ಬಿಚ್ಚುವುದಿಲ್ಲ, ಲೋಕದಲ್ಲೆಲ್ಲ ಬಾಯಿ ಬಿಡುತ್ತಿದ್ದದ್ದು ನನ್ನೊಬ್ಬಳ ಹತ್ತಿರ, ಅದನ್ನು ನಾನು ಚಪ್ಪಾಳೆಗೆ ಕೊಟ್ಟೆ.

ಬಂದ್ರು ನೋಡಿ ನಿಮ್ಮತ್ತೆ, ಬಾಗಿಲಲ್ಲಿದ್ದಾರೆ ಎಂದು ಅಡುಗೆಯವರು ಕೂಗಿದರು, ಕೈ ಒರೆಸಿಕೊಳ್ಳುವುದೂ ಮರೆತು ಓಡಿದಳು, ಅತ್ತೆ ಹೊಸ ಚಪ್ಪಲಿ ಹಾಕಿಕೊಂಡು ಒಂದು ಕಾಲೆತ್ತಿ ಹಿಮ್ಮಡಿ ನೋಡಿಕೊಳ್ಳುತ್ತಿದ್ದಾರೆ, ಕಚ್ತು ಕಣಮ್ಮ ದರಿದ್ರದ್ದು, ಅವನಿದ್ದಿದ್ರೆ ಮೇಣ ಹಚ್ಚಿ ಕೊಡ್ತಿದ್ದ, ಏನು ನಿನ್ ಕೈ ಹಿಂಗೆ ಹೆಣದ್ ಥರ ತಣ್ಣಗಿದೆ, ಊಟ ಗೀಟ ಮಾಡ್ತೀಯೋ ಇಲ್ವೋ. ಅದೇ ಮಾತು, ಮಗನಿಗೆ ಬಂದದ್ದು ಇಲ್ಲಿಂದಲೇ, ಈಗಲೇ ಹೇಳಿಬಿಡಬೇಕು, ಈ ಬಾಗಿಲಲ್ಲೇ, ಅತ್ತೆ, ಒಂದು ಮಾತು ಎಂದಳು, ಇರು, ಮೊದ್ಲು ನೀರು ಕೊಡು, ಬಸ್ಸಲ್ಲಿ ಪಕ್ಕದೋಳ ಹತ್ರ ಬಾಯಿ ಒಣಗೋ ಹಂಗೆ ಮಾತಾಡಿದೀನಿ, ನನ್ ಮಗನ ಧ್ವನಿ ಕೇಳೋಕೆ ಹೋಗ್ತಿದೀನಿ ಅಂದೆ, ಅವಳು ನನ್ನ ಹುಚ್ಚಿ ಅನ್ಕೊಂಡ್ಳು, ಅನ್ಕೊಳ್ಲಿ ಬಿಡು. ಅತ್ತೆಯ ಬಳಿ ಅವನ ಮಾತು ಒಂದೂ ಇಲ್ಲ, ಎರಡು ಬೀದಿ ಆಚೆಗಿದ್ದ ತಾಯಿಗೆ ಯಾವ ಮಗ ಧ್ವನಿ ಕಳಿಸುತ್ತಾನೆ, ದಿನಾ ಸಂಜೆ ತಾನೇ ಹೋಗಿ ಕೂರುತ್ತಿದ್ದ, ಅವನು ಹೋದ ಮೇಲೆ ಅತ್ತೆ ಒಂದೇ ಒಂದು ಸಲ ಕೇಳಿದ್ದು, ಅದೂ ಮುಖ ತಿರುಗಿಸಿಕೊಂಡು, ನಿನ್ ಹತ್ರ ಇದೆಯಂತಲ್ಲ, ಅವನು ಮಾತಾಡಿದ್ದು, ಇದೆ ಅತ್ತೆ, ಕೇಳಿಸ್ತೀನಿ, ಕೊನೆಯ ದಿನ ಬನ್ನಿ, ಚೆನ್ನಾಗಿ ಕೇಳಿಸ್ತೀನಿ, ಆ ಕ್ಷಣ ಫೋನು ತೆಗೆದು ಕೇಳಿಸಬಹುದಿತ್ತು, ಆಗ ಹಳೆಯ ಫೋನಿನಲ್ಲಿ ಎಲ್ಲವೂ ಇತ್ತು, ಆದರೆ ಸ್ಪೀಕರು, ದೀಪ, ಜನ, ದೊಡ್ಡ ಮೇಜು, ಎಲ್ಲ ಸೇರಿ ಬೆರಗಾಗುವ ಹಾಗೆ ಕೇಳಿಸಬೇಕೆಂದು ಕಾದಿರಿಸಿದ್ದಳು. ಅತ್ತೆ ನೀರು ಕುಡಿದು ಲೋಟ ಕೊಟ್ಟರು, ಏನೋ ಮಾತು ಅಂದ್ಯಲ್ಲ, ಏನಿಲ್ಲ ಅತ್ತೆ, ದಾರಿ ಹೇಗಿತ್ತು ಅಂತ.

ಖಾಲಿ ಕಪಾಟುಗಳ ಮುಂದೆ ಅತ್ತೆಯನ್ನು ನಡೆಸಿಕೊಂಡು ಹೋದಳು, ಸೊಪ್ಪು ಕುಯ್ದಾಗಿದೆ, ದೀಪ ಆರಿದೆ, ಇಲ್ಲೇ ಬೆಳೆದದ್ದು, ನೀರಲ್ಲಿ, ಮಣ್ಣಿಲ್ದೆಯಾ? ಹೂಂ ಅತ್ತೆ, ಕಾಲ ಕೆಟ್ಟಿದೆಯೋ ಸುಧಾರಿಸಿದೆಯೋ ತಿಳಿಯಲ್ಲಪ್ಪ ಎಂದು ಅತ್ತೆ ತಟ್ಟೆಗೆ ಬೆರಳದ್ದಿ ಮೂಸಿ ನೋಡಿದರು, ಶಿಲ್ಪಿ ಬಂದು ನಮಸ್ಕಾರ ಅಮ್ಮ ಎಂದ, ಪ್ರೋಗ್ರಾಮರು ದೂರದಿಂದಲೇ ನೋಡಿ ತಲೆ ತಗ್ಗಿಸಿದರು, ಮೇಜಿಗೆ ಬಿಳಿ ಬಟ್ಟೆ ಹಾಸಿದೆ, ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು, ನಡುವೆ ದೊಡ್ಡ ಬಟ್ಟಲಲ್ಲಿ ಅವಳು ತೊಳೆದ ಸೊಪ್ಪು, ಯಾರೋ ಅದಕ್ಕೆ ಎಣ್ಣೆ ಹುಳಿ ಹಾಕಿ ಕಲಸಿಬಿಟ್ಟಿದ್ದಾರೆ, ಹೊಳೆಯುತ್ತಿದೆ. ನಿರ್ದೇಶಕಿ ಎದ್ದು ಲೋಟಕ್ಕೆ ಚಮಚ ಬಡಿದರು, ಕನ್ನಡಕ ತೆಗೆದರು, ಈ ಎಲೆಗಳನ್ನು ಬೆಳೆಸಿದ್ದು ಸೂರ್ಯ ಅಲ್ಲ, ಒಬ್ಬ ಮನುಷ್ಯನ ಮಾತು, ಇವತ್ತು ಅವರ ತಾಯಿ ನಮ್ಮ ಜೊತೆ ಇದ್ದಾರೆ, ಆ ಧ್ವನಿ ಈಗ ನಮ್ಮೆಲ್ಲರ ಮೈಗೆ ಹೋಗಲಿದೆ, ತಗೊಳ್ಳಿ, ಊಟ ಮಾಡಿ. ಚಪ್ಪಾಳೆ, ಕುರ್ಚಿ ಸರಿದ ಸದ್ದು, ಬಟ್ಟಲು ಕೈಯಿಂದ ಕೈಗೆ ಬಂತು, ಅವಳ ಕೈಗೂ ಬಂತು, ಅವಳು ಅತ್ತೆಯ ತಟ್ಟೆಗೆ ಬಡಿಸಿದಳು, ತನ್ನ ತಟ್ಟೆಗೆ ಹಾಕಿಕೊಳ್ಳದೆ ದಾಟಿಸಿದಳು, ಸುತ್ತಲೂ ಎಲ್ಲರ ಬಾಯಲ್ಲೂ ಕರಂ ಕರಂ, ಎಷ್ಟು ಗರಿಗರಿ ಎಂದು ಯಾರೋ, ಸ್ವಲ್ಪ ಕಹಿ ಅಲ್ವಾ, ಚೆನ್ನಾಗಿದೆ ಎಂದು ಇನ್ಯಾರೋ, ಬಾಯಿ ತುಂಬಿಕೊಂಡೇ ಶಿಲ್ಪಿ ಅವಳತ್ತ ಹೆಬ್ಬೆರಳೆತ್ತಿದ, ಇವರ ಮೇಲೆ ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ, ಇವರು ಹಸಿದಿದ್ದಾರೆ, ತಿನ್ನುತ್ತಿದ್ದಾರೆ, ಅವನಿದ್ದಿದ್ದರೆ ತಿನ್ನಿ ತಿನ್ನಿ ಇನ್ನೂ ಹಾಕ್ಕೊಳ್ಳಿ ಎಂದು ಎದ್ದುನಿಂತು ಬಡಿಸುತ್ತಿದ್ದ. ಅತ್ತೆ ತಟ್ಟೆ ಮುಟ್ಟಿಲ್ಲ, ಕೈ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಾರೆ, ಗೋಡೆಯ ಸ್ಪೀಕರನ್ನೇ ನೋಡುತ್ತಿದ್ದಾರೆ, ಶಾಲೆಯ ಗಂಟೆಗೆ ಕಾದ ಹಾಗೆ, ಆಮೇಲೆ ಅವಳ ಕಡೆ ಬಾಗಿ ಪಿಸುಗುಟ್ಟಿದರು, ಯಾವಾಗ ಕೇಳಿಸೋದು? ಎಲ್ರೂ ಉಂಡಾದ್ ಮೇಲಾ?

ಇಲ್ಲ ಅತ್ತೆ. ಇಲ್ಲ ಅಂದ್ರೆ? ಅವಳಿಗೆ ತನ್ನ ಮಾತು ಯಾರದೋ ಮಾತಿನಂತೆ ಕೇಳಿತು, ಇಲ್ಲ ಅತ್ತೆ, ಹೋಯ್ತು, ನಾನೇ ಅಳಿಸಿಬಿಟ್ಟೆ, ಫೋನಲ್ಲಿದೆ ಅಂತ ಅಳಿಸಿದೆ, ಫೋನಲ್ಲೂ ಇಲ್ಲ, ಎಲ್ಲೂ ಇಲ್ಲ, ಎಲ್ಲ ಹುಡುಕಿದೆ, ನಿಮಗೆ ಹೇಳೋಕೆ ಬಾಯಿ ಬರಲಿಲ್ಲ, ಅತ್ತೆ ಬೈಯಲಿ, ಕೆನ್ನೆಗೆ ಬಾರಿಸಲಿ, ಎದ್ದು ಹೋಗಲಿ, ಇಷ್ಟು ಜನರ ಮುಂದೆ ಎದೆ ಬಡಿದುಕೊಳ್ಳಲಿ, ಏನೂ ಇಲ್ಲ, ತೊಂದರೆ ಕೊಡಬಾರದೆಂಬ ನೆಂಟರ ಮನೆಯ ದನಿಯಲ್ಲಿ ಒಂದೇ ಒಂದು ಕೇಳಿದರು, ಒಂಚೂರೂ ಇಲ್ವಾ? ಅವಳು ತಟ್ಟೆ ತೋರಿಸಿದಳು, ಬೇರೇನು ತೋರಿಸುವುದು, ಇದರಲ್ಲೇ ಅತ್ತೆ, ಇದಕ್ಕೇ ಹಾಕಿದ್ದು, ಇಷ್ಟೇ ಉಳಿದಿರೋದು. ಅತ್ತೆ ತಟ್ಟೆಯನ್ನು ಹತ್ತಿರ ಎಳೆದುಕೊಂಡರು, ಬೆರಳಲ್ಲಿ ಸರಿಸಿ ಸರಿಸಿ ಒಂದು ದೊಡ್ಡ ಎಲೆ ಆರಿಸಿದರು, ಎರಡು ಸಲ ಕೊಡವಿದರು, ತಿನ್ನುತ್ತಾರೆ ಎಂದುಕೊಂಡಳು, ತಿನ್ನಲಿ, ತಾಯಿ ತಿಂದರೆ ಸರಿಯೇ, ಬಾಯಿಯವರೆಗೆ ಬಂದ ಕೈ ಬಾಯಿಯ ಹತ್ತಿರ ನಿಲ್ಲಲಿಲ್ಲ, ಇನ್ನೂ ಮೇಲಕ್ಕೆ ಹೋಯಿತು, ಅತ್ತೆ ಆ ಎಲೆಯನ್ನು ಕಿವಿಗೆ ಹಿಡಿದರು. ದೇವರು ದಿಂಡರ ಮಾತು ಬಂದರೂ ನಕ್ಕು ತಳ್ಳಿಬಿಡುವ ಹೆಂಗಸು, ಹಲ್ಲಿ ನುಡಿದರೆ ಸುಮ್ನಿರೇ ಎಂದು ಗದರುವ ಹೆಂಗಸು, ಎಲೆಯನ್ನು ಕಿವಿಗೆ ಒತ್ತಿ ಹಿಡಿದಿದ್ದಾರೆ, ನಿರ್ದೇಶಕಿ ನೋಡಿದರು, ಶಿಲ್ಪಿ ನೋಡಿದ, ಕರಂ ಕರಂ ಒಂದೊಂದೇ ಬಾಯಲ್ಲಿ ನಿಂತಿತು, ಅತ್ತೆ ಎಂದು ಕರೆಯಬೇಕು, ಕೈ ಹಿಡಿದು ಇಳಿಸಬೇಕು, ಅವಳ ಕೈ ಏಳುತ್ತಿಲ್ಲ, ಅತ್ತೆ ಇನ್ನೊಂದು ಕೈ ಎತ್ತಿ ಎಲ್ಲರಿಗೂ ಸುಮ್ಮನಿರಿ ಎಂದು ಸನ್ನೆ ಮಾಡಿದರು, ಕಣ್ಣು ಮುಚ್ಚಿದರು, ಎಲೆ ಕಿವಿಯ ಮೇಲೆ ಹಸಿರಾಗಿ ಮಡಿಚಿಕೊಂಡಿದೆ, ಅದರ ಎಣ್ಣೆ ಕತ್ತಿನ ಸುಕ್ಕಿಗೆ ಇಳಿಯುತ್ತಿದೆ, ಒರೆಸಿಕೊಳ್ಳುತ್ತಿಲ್ಲ, ಆಮೇಲೆ ಏನು, ಆಮೇಲೆ ಏನೂ ಇಲ್ಲ, ಅತ್ತೆ, ಎಲೆ, ಕಿವಿಗೆ ಎಲೆ, ಅತ್ತೆ ಎಲೆಯನ್ನು ಕಿವಿಗೆ ಹಿಡಿದಿದ್ದಾರೆ, ಹಿಡಿದೇ ಇದ್ದಾರೆ.